ಚಳಿಗಾಲದಾಗ ಧಾರವಾಡ ಕಡೆ ಬಂದ್ರೆ ಏನು ತಿನ್ನಬೇಕು?

ಜನವರಿಯಾಗ ಎರಡು ದಿನ ಬರ್ತೀನಿ, ಪೇಡೆ ಬಿಟ್ಟು ಬೇರೇನು ಅಂತ ಕೇಳೀರಿ. ಸೀತನಿ ತಿನ್ರಿ. ಹಿಂಗಾರಿ ಜೋಳದ ತೆನಿ ಇನ್ನೂ ಹಾಲುಗಾಳು ಇದ್ದಾಗ ಕೊಯ್ದು ಕುಳ್ಳಿನ ಕೆಂಡದಾಗ ಸುಡ್ತಾರ. ಬಿಸಿ ಇದ್ದಾಗಲೇ ಗೋಣಿತಟ್ಟಿನ ಮ್ಯಾಲೆ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನ ಅಂಗೈಗೆ ಹಾಕ್ತಾರ. ಜೊತಿಗೆ ಬೆಲ್ಲ, ಶೇಂಗಾ ಹಿಂಡಿ (ಚಟ್ನಿಪುಡಿ). ಕಾಳು ಬಲಿತ್ರ ಆ ಸಿಹಿ ಹೋಗ್ತದ, ಅದಕ್ಕ ಹಂಗಾಮು ಕೆಲವೇ ವಾರ. ಹೊಲದ ಬದುವಿನ ಮ್ಯಾಲೆ ಕುಂತು ತಿಂದ್ರನ ರುಚಿ.

ಎಳ್ಳ ಅಮಾವಾಸ್ಯೆ ಸಿಕ್ಕರಂತೂ ಬಿಡಬ್ಯಾಡ್ರಿ: ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಕಡುಬು ಬುಟ್ಟಿಯಾಗ ಕಟ್ಟಿಕೊಂಡು ಹೊಲಕ್ಕ ಹೋಗಿ, ಭೂಮಿತಾಯಿಗೆ ಚರಗ (ನೈವೇದ್ಯದ ಅಡಿಗಿ) ಚೆಲ್ಲಿದ ಮ್ಯಾಲೇ ಊಟ. ಆಪೂಸ್ ಮಾವಿನಹಣ್ಣು ಬೇಕಂದ್ರ ಮೇ ತಿಂಗಳಿಗೆ ಮತ್ತ ಬರ್ರಿ.