ಎತ್ತರದ ಹುಲ್ಲುಗಾವಲಿನ ಗಿಡಗಳು: ಪೈಪೋಟಿಯೋ, ಆಸರೆಯೋ?

ಉತ್ತರಾಖಂಡದ ಬುಗ್ಯಾಲ್‌ಗಳಲ್ಲಿ, ಅಂದರೆ ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ, ಒಂದೇ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸಸ್ಯಗಳ ಗುಂಪು ಬದಲಾಗುವುದೇಕೆ, ಅಕ್ಕಪಕ್ಕದ ಗಿಡಗಳು ಪೈಪೋಟಿ ನಡೆಸುತ್ತವೆಯೋ ಆಸರೆಯಾಗುತ್ತವೆಯೋ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನನಗೆ ಇದು ಅತ್ಯಂತ ಪ್ರಿಯವಾದ ವಿಷಯ. ಎರಡೂ ನಡೆಯುತ್ತವೆ, ಯಾವುದರ ಕೈ ಮೇಲಾಗುವುದೆಂಬುದು ಬಹುಮಟ್ಟಿಗೆ ಆ ಜಾಗ ಎಷ್ಟು ಕಠಿಣವಾಗಿದೆ ಎಂಬುದರ ಮೇಲೆ ನಿಂತಿದೆ.

ಮೊದಲ ಹಂಚಿಕೆಯನ್ನು ಹಿಮವೇ ಮಾಡುತ್ತದೆ. ಹಿಮ ಬೇಗ ಕರಗುವ, ಗಾಳಿ ಬೀಸುವ ದಿಬ್ಬಗಳಲ್ಲಿ ನಮ್ಮ ಹೊಲದ ಜೇಕಿನ ಕುಟುಂಬಕ್ಕೇ ಸೇರಿದ ಕೊಬ್ರೇಸಿಯಾ ದಟ್ಟವಾಗಿ ಹಾಸಿಕೊಂಡಿದ್ದರೆ, ತೇವ ಉಳಿಯುವ ತಗ್ಗುಗಳಲ್ಲಿ ಪ್ರಿಮುಲಾದಂತಹ ಹೂಗಿಡಗಳು ಹೆಚ್ಚು. ಕುರಿಮಂದೆ ತಂಗಿ ಗೊಬ್ಬರ ಬಿದ್ದ ಕಡೆ ಅಗಲ ಎಲೆಯ ರೂಮೆಕ್ಸ್ ಉಳಿದವನ್ನು ಹಿಂದಕ್ಕೆ ತಳ್ಳುತ್ತದೆ.

ಆಮೇಲಿನದು ನೆರೆಹೊರೆಯ ವ್ಯವಹಾರ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪರಿಸರ ವಿಜ್ಞಾನಿ ರೇಗನ್ ಕ್ಯಾಲವೇ ಮತ್ತು ಸಂಗಡಿಗರು ಜಗತ್ತಿನ 11 ಪರ್ವತ ಪ್ರದೇಶಗಳಲ್ಲಿ ಆಯ್ದ ಗಿಡಗಳ ಸುತ್ತಲಿನ ಸಸ್ಯಗಳನ್ನು ತೆಗೆದುಹಾಕಿ ನೋಡಿದರು. ಒಟ್ಟಾರೆ ಕೆಳಗಿನ ತಾಣಗಳಲ್ಲಿ ಉಳಿದ ಗಿಡ ಚೆನ್ನಾಗಿ ಬೆಳೆಯಿತು. ಚಳಿ ತೀವ್ರವಾಗಿದ್ದ ಮೇಲಿನ ತಾಣಗಳಲ್ಲಿ ನೆರೆಯನ್ನು ಕಳೆದುಕೊಂಡ ಗಿಡವೇ ಸೊರಗಿತು. ಆದರೆ ಇದನ್ನು ಎಲ್ಲೆಡೆ ಸಲ್ಲುವ ನಿಯಮವೆಂದು ಹಿಡಿಯಬಾರದು. ದಿಂಬಿನಂತೆ ಉಬ್ಬಿ ಬೆಳೆಯುವ ಅನೇಕ ಸಸ್ಯಗಳು ತಮ್ಮೊಳಗೆ ಬೆಚ್ಚನೆಯ, ತೇವದ ಜಾಗ ಕೊಟ್ಟು ಬೇರೆ ಜಾತಿಗಳನ್ನು ಸಾಕುತ್ತವೆ ನಿಜ. ಲಡಾಖ್‌ನಲ್ಲಿ 5,000 ಮೀಟರಿಗೂ ಮೇಲೆ ಬೆಳೆಯುವ ಥೈಲಕೋಸ್ಪರ್ಮಮ್‌ನ ದಿಂಬು ಮಾತ್ರ ಎಷ್ಟು ಬಿಗಿಯೆಂದರೆ, ಅದರೊಳಗೆ ಬೇರೂರುವುದು ಹೆಚ್ಚಿನ ಸಸ್ಯಗಳಿಗೆ ಸಾಧ್ಯವಾಗುವುದಿಲ್ಲ.

ನನ್ನನ್ನು ಹೆಚ್ಚು ಸೆಳೆದಿರುವುದು ಪೆಡಿಕ್ಯುಲಾರಿಸ್ ಎಂಬ ಹೂಗಿಡ. ಹಸಿರೆಲೆಯಿಂದ ತಾನೇ ಆಹಾರ ತಯಾರಿಸಿಕೊಂಡರೂ ಅದು ನೆಲದೊಳಗೆ ಪಕ್ಕದ ಹುಲ್ಲಿನ ಬೇರಿಗೆ ತನ್ನ ಬೇರನ್ನು ಅಂಟಿಸಿ ನೀರು, ಲವಣಗಳನ್ನು ಹೀರುತ್ತದೆ. ನಮ್ಮ ಭಾಗದ ರೈತರು ಜೋಳದಲ್ಲಿ ಕಾಣುವ ಸ್ಟ್ರೈಗಾ ಕಳೆ ಇದೇ ಕುಟುಂಬದ್ದು. ಹೊಲದಲ್ಲಿ ಅದು ಬರೀ ನಷ್ಟ. ಹುಲ್ಲುಗಾವಲಿನಲ್ಲಾದರೆ ಇಂತಹ ಪರಾವಲಂಬಿಯು ಬಲಿಷ್ಠ ಹುಲ್ಲಿನ ಸೊಕ್ಕನ್ನು ತಗ್ಗಿಸಿದಾಗ, ತೆರವಾದ ಬೆಳಕಿನಲ್ಲಿ ಸಣ್ಣ ಗಿಡಗಳಿಗೂ ಜಾಗ ಸಿಗಬಹುದು.

ಮುಂದಿನ ಸಲ ಹೋದಾಗ ದಿಂಬು ಸಸ್ಯವೊಂದರ ಒಳಗೆ ಒಂದಡಿ ಚೌಕದಲ್ಲಿರುವ ಜಾತಿಗಳನ್ನೂ ಅದರ ಹೊರಗಿನ ಅಷ್ಟೇ ಜಾಗದ ಜಾತಿಗಳನ್ನೂ ಎಣಿಸಿ ಬರೆದುಕೊಳ್ಳಿ. ಒಂದೇ ದಿಂಬನ್ನು ನೋಡಿ ತೀರ್ಮಾನಕ್ಕೆ ಬರದೆ ಬೇರೆ ಬೇರೆ ಎತ್ತರಗಳಲ್ಲೂ ಹಾಗೆಯೇ ಮಾಡಿ. ಯಾವುದನ್ನೂ ಕೀಳಬೇಡಿ, ಫೋಟೊ ಸಾಕು. ಅಭ್ಯಾಸಕ್ಕೆ ಮುಂಗಾರಿನ ನಂತರ ಬೀದರಿನ ಜಂಬಿಟ್ಟಿಗೆ ಬಯಲು ಒಳ್ಳೆಯದು, ಅಲ್ಲಿ ಗಿಡಗಳನ್ನು ಕಾಡುವುದು ಚಳಿಯಲ್ಲ, ತೆಳುವಾದ ಮಣ್ಣು ಮತ್ತು ಬಿಸಿಲು.