ಬಸ್ಸಿಳಿಯುವಷ್ಟರಲ್ಲಿ ಟೋಕನ್ ಖಾಲಿ

ಪ್ರಶ್ನೆ: ನಮ್ಮದು ಮಲೆನಾಡಿನ ಹಳ್ಳಿ. ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ತಿಂಗಳಿಗೊಮ್ಮೆ ಜಿಲ್ಲೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಮೊದಲ ಬಸ್ಸು ಹಿಡಿದರೂ ತಲುಪುವಾಗ ಹತ್ತು ಗಂಟೆ. ಅಷ್ಟರಲ್ಲಿ ಟೋಕನ್ ಮುಗಿದಿರುತ್ತದೆ. ಮೊಬೈಲಲ್ಲಿ ಸ್ಕ್ಯಾನ್ ಮಾಡಿ ಅಂತಾರೆ, ಅಮ್ಮನ ಹತ್ತಿರ ಇರೋದು ಬಟನ್ ಫೋನು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ನಮ್ಮತ್ತೆ ಜೊತೆ ಹೋಗಿದ್ದ ಒಂದು ಬೆಳಗ್ಗೆ ನೆನಪಾಯಿತು. ಆರೂವರೆ ಗಂಟೆ, ಕೌಂಟರ್ ಇನ್ನೂ ತೆಗೆದಿರಲಿಲ್ಲ. ಗ್ರಿಲ್ ಬಾಗಿಲಿನಿಂದಲೇ ಸಾಲು ಶುರು, ಆದರೆ ಸಾಲಿನಲ್ಲಿ ಮನುಷ್ಯರಿಲ್ಲ. ಒಂದು ಜೊತೆ ಹವಾಯಿ ಚಪ್ಪಲಿ, ಅದರ ಹಿಂದೆ ನೀರಿನ ಬಾಟ್ಲಿ, ಅದರ ಹಿಂದೆ ಎಕ್ಸ್‌ರೇ ಕವರು, ಗಾಳಿಗೆ ಹಾರದಿರಲಿ ಅಂತ ಮೇಲೊಂದು ಕಲ್ಲು. ಅವುಗಳ ಯಜಮಾನರು ಗೋಡೆಗೆ ಒರಗಿ ಕೂತಿದ್ದರು. ಅಲ್ಲೇ ಹತ್ತಿರದವರು, ಇಲ್ಲಾ ಹಿಂದಿನ ರಾತ್ರಿಯೇ ಬಂದು ಮಲಗಿದವರು. ಬಸ್ಸಲ್ಲಿ ಬರುವವರಿಗೆ ಅಲ್ಲಿ ಜಾಗ ಎಲ್ಲಿಂದ ಸಿಗಬೇಕು?

ಸ್ಕ್ಯಾನ್ ವಿಷಯ ಮೊದಲು. ಅದು ಕೌಂಟರಿನ ಮುಂದೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಆ ಕ್ಯೂಆರ್ ಕೋಡ್ ಇರುವುದು ಆಸ್ಪತ್ರೆಯಲ್ಲೇ ಅಲ್ವಾ, ಹಾಗಾಗಿ ನಿಮ್ಮ ಬಸ್ಸಿನ ಸಮಸ್ಯೆ ಹಾಗೇ ಉಳಿಯುತ್ತದೆ. ಬೇಕಿದ್ದರೆ ನಿಮ್ಮ ಫೋನಿನಲ್ಲೇ ಅಮ್ಮನ 14 ಅಂಕಿಯ ಆಭಾ ನಂಬರ್, ಅಂದರೆ ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ, ಮಾಡಿಕೊಳ್ಳಿ. ಆದರೆ ಅದು ಕಡ್ಡಾಯವಲ್ಲ. ಅದಿಲ್ಲದಿದ್ದರೂ ಕೌಂಟರಿನಲ್ಲಿ ಚೀಟಿ ಕೇಳಿ ಪಡೆಯಿರಿ, ಹಿಂಜರಿಯಬೇಡಿ.

ನಾನು ಹೇಳುವುದೇನೆಂದರೆ, ಪ್ರತಿ ತಿಂಗಳು ಅಷ್ಟು ದೂರ ಹೋಗಲೇಬೇಕಾ ಅಂತ ಒಮ್ಮೆ ಆ ಡಾಕ್ಟರನ್ನೇ ಕೇಳಿ. ಬಿಪಿ, ಶುಗರ್ ಹತೋಟಿಯಲ್ಲಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತಪಾಸಣೆ ಮಾಡಿಸಿ ಮಾತ್ರೆ ತೆಗೆದುಕೊಳ್ಳಬಹುದು. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದರೆ ಅವರು ಇ-ಸಂಜೀವಿನಿ ಎಂಬ ಸರ್ಕಾರಿ ಆನ್‌ಲೈನ್ ಸೇವೆಯ ಮೂಲಕ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಿಸುತ್ತಾರೆ, ಅದಕ್ಕೆ ದುಡ್ಡಿಲ್ಲ. ಅಮ್ಮನ ಹಳೇ ಚೀಟಿ, ರಕ್ತಪರೀಕ್ಷೆ ರಿಪೋರ್ಟು ಒಂದೇ ಫೈಲಿನಲ್ಲಿಡಿ. ಎದೆನೋವು, ಮಾತು ತೊದಲುವುದು, ಇಂಥದ್ದೇನಾದರೂ ಆದರೆ ಮಾತ್ರ ಟೋಕನ್ ಗೀಕನ್ ಅಂತ ಯೋಚಿಸದೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಕೆಲಸ ಮಾಡಿ. ಸರ್ಕಾರಿ ಆಸ್ಪತ್ರೆಗೆ ಅದರ ವ್ಯವಸ್ಥೆ ನೋಡಿಕೊಳ್ಳಲು ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. ದೂರದ ಬಸ್ಸಿನವರಿಗೆ, ವಯಸ್ಸಾದವರಿಗೆ ದಿನಾ ಒಂದಿಷ್ಟು ಟೋಕನ್ ಎತ್ತಿಡಿ ಅಂತ ಅವರಿಗೆ ಬರೆಯಿರಿ, ಆ ಬಸ್ಸಿನಲ್ಲಿ ಬರುವ ನಾಲ್ಕು ಜನರ ಸಹಿ ಹಾಕಿಸಿ.

ಪ್ರಶ್ನೆ: ಬಯಲುಸೀಮೆಯ ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಚಿಕ್ಕ ಹೋಟೆಲ್. ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ದಂಡ ಅಂತಾರೆ. ಬೇರೆ ಮಾಡಿಟ್ಟರೆ ಗಾಡಿಯವರು ಎರಡನ್ನೂ ಒಂದಕ್ಕೇ ಸುರಿಯುತ್ತಾರೆ. ಯಾಕಾದರೂ ಮಾಡಬೇಕು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ದಂಡದ ಪುಸ್ತಕ ಬಂದಷ್ಟು ಬೇಗ ಎರಡು ಭಾಗದ ಟಿಪ್ಪರ್ ಬರುವುದಿಲ್ಲ. ಆದರೂ ಬೇರೆ ಮಾಡುವುದನ್ನು ಬಿಡಬೇಡಿ. ಸುರಿಯುವಾಗ ಒಂದೆರಡು ದಿನ ಮೊಬೈಲಲ್ಲಿ ಫೋಟೋ ತೆಗೆದು ಪುರಸಭೆಯ ಆರೋಗ್ಯ ನಿರೀಕ್ಷಕರಿಗೆ ಅರ್ಜಿ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಪೌರಕಾರ್ಮಿಕರ ಮೇಲೆ ರೇಗಬೇಡಿ, ಗಾಡಿ ಕೊಟ್ಟವರು ಅವರಲ್ಲ.

ದಿನಕ್ಕೆ 100 ಕೆ.ಜಿ. ದಾಟಿದರೆ ನಿಮ್ಮನ್ನು ದೊಡ್ಡ ಕಸ ಉತ್ಪಾದಕರು ಅಂತ ಲೆಕ್ಕ ಹಾಕುತ್ತಾರೆ, ಆಗ ಜವಾಬ್ದಾರಿ ಜಾಸ್ತಿ. ಚಿಕ್ಕ ಹೋಟೆಲಿನಲ್ಲಿ ಅಷ್ಟಾಗುವುದು ಅಪರೂಪ. ಸುಮ್ನೆ ಒಂದು ವಾರ ತೂಕ ಮಾಡಿ ಬರೆದಿಡಿ, ಯಾರಾದರೂ ಬಂದು ಕೇಳಿದರೆ ತೋರಿಸಬಹುದು. ತೆಂಗಿನ ಕರಟ ಕಸಕ್ಕೆ ಹಾಕಬೇಡಿ, ಇದ್ದಿಲು ಮಾಡುವವರು ಕೊಳ್ಳುತ್ತಾರೆ. ಹಾಲಿನ ಕವರು ತೊಳೆದು ಒಣಗಿಸಿಟ್ಟರೆ ಗುಜರಿಯವರು ಒಯ್ಯುತ್ತಾರೆ. ಕರಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ, ತಳ್ಳುಗಾಡಿಯವರಿಗೂ ಮಾರಬೇಡಿ. ಅದು ಮತ್ತೆ ಯಾರದೋ ಮಗುವಿನ ಬೋಂಡಾಕ್ಕೆ ಬರುತ್ತದೆ.

ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಒಣಕಸವನ್ನು ಒಂದೇ ಘಟಕಕ್ಕೆ ತಂದು ವಿಂಗಡಿಸುತ್ತಾರೆ. ಹಳ್ಳಿಗಳಿಗೆ ಆಗುವುದು ನಿಮ್ಮ ಪಟ್ಟಣಕ್ಕೆ ಯಾಕಾಗಬಾರದು? ಹೋಟೆಲ್, ಬೇಕರಿಯವರೆಲ್ಲ ಒಟ್ಟಾಗಿ ಪುರಸಭೆಗೆ ಹೋಗಿ ಈ ಮಾತನ್ನೇ ಕೇಳಿ. ಅರ್ಜಿಗೆ ಏನು ಉತ್ತರ ಬಂತು ಅಂತ ನನಗೂ ಬರೆಯಿರಿ.