ಮೊದಲು ನಡೆಯುವವರಿಗೆ ಜಾಗ ಕೊಡಿ

"ಸಂಜೆ ಹೊತ್ತು ಚನ್ನಮ್ಮ ಸರ್ಕಲ್ ದಾಟುವುದೇ ಕಷ್ಟ. ಫುಟ್‌ಪಾತ್ ಒಡೆದು ರಸ್ತೆ ಅಗಲ ಮಾಡಲಿ, ಮೇಲ್ಸೇತುವೆ ಕಟ್ಟಲಿ. ಹೇಗೂ ಫುಟ್‌ಪಾತ್ ಮೇಲೆ ಯಾರೂ ಅಡ್ಡಾಡುವುದಿಲ್ಲ. ಪಾರ್ಕಿಂಗಿಗೂ ಜಾಗ ಬೇಕು. ನಿಮ್ಮ ಪತ್ರಿಕೆ ಇದನ್ನು ಬೆಂಬಲಿಸಬೇಕು."
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಸಂಪಾದಕರ ಉತ್ತರ: ಊರಿನ ಮೇಲೆ ಪ್ರೀತಿ ಇದ್ದವರೇ ಹೀಗೆ ಕುಳಿತು ಪತ್ರ ಬರೆಯುವುದು. ಖುಷಿಯಾಯಿತು. ರೈಲ್ವೆ ಗೇಟ್ ಬಿದ್ದಾಗ ಆಂಬ್ಯುಲೆನ್ಸ್ ಸಿಕ್ಕಿಹಾಕಿಕೊಂಡರೆ ಜೀವ ಬಾಯಿಗೆ ಬರುತ್ತದೆ. ಅಂಥ ಕಡೆ ಸೇತುವೆ ಬೇಕೇ ಬೇಕು, ಒಪ್ಪಿದೆ.

ಆದರೆ 'ಯಾರೂ ಅಡ್ಡಾಡುವುದಿಲ್ಲ' ಅಂದಿರಲ್ಲ, ಅದು ಸರಿಯಲ್ಲ. ಅಡ್ಡಾಡಲು ನಾವು ಬಿಟ್ಟಿದ್ದೇವೆಯೇ? ಗಾಡಿ ಮನೆಯಲ್ಲಿಟ್ಟು ಒಮ್ಮೆ ಖಡೇ ಬಜಾರ್, ಗಣಪತ ಗಲ್ಲಿ ಕಡೆ ನಡೆದು ನೋಡಿ. ನಡೆಯುವ ಜಾಗದಲ್ಲಿ ಬೈಕು, ಕಂಬ, ಅಂಗಡಿಯ ಬೋರ್ಡು. ಜನ ರಸ್ತೆಗೆ ಇಳಿಯುತ್ತಾರೆ, ಹಿಂದಿನಿಂದ ನಾವೇ ಹಾರ್ನ್ ಹೊಡೆಯುತ್ತೇವೆ. ನಮ್ಮ ಪಕ್ಕದ ಮನೆಯ ಅಜ್ಜಿ ಮೊಣಕಾಲು ನೋವಿನಿಂದ ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಕೊಟ್ಟಿತು. ಮನಸಾರೆ ಮೆಚ್ಚುತ್ತೇನೆ. ಆದರೆ ಸ್ಟಾಪಿನ ತನಕ ನಡೆಯಲು ದಾರಿ ಇಲ್ಲ, ಬಸ್ಸಿನ ಮೊದಲ ಮೆಟ್ಟಿಲು ಎಟುಕುವುದಿಲ್ಲ. ಅಜ್ಜಿ ಆ ಪುಕ್ಕಟೆ ಟಿಕೆಟ್ ಇಟ್ಟುಕೊಂಡು ಏನು ಮಾಡಬೇಕು?

ಇದು ನನ್ನೊಬ್ಬನ ಹಟ ಅಲ್ಲ. ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ: ರಸ್ತೆಯನ್ನು ಹಂಚುವಾಗ ಗಾಡಿಗಳನ್ನಲ್ಲ, ಜನರನ್ನು ನೋಡಿ. ರಸ್ತೆ ಹೇಗಿರಬೇಕು ಅಂತ ದೇಶಕ್ಕೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಪ್ರಕಾರ ಫುಟ್‌ಪಾತ್ ಮೇಲೆ ಏನೂ ಅಡ್ಡವಿಲ್ಲದೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಎತ್ತರ 150 ಮಿಲಿಮೀಟರ್ ದಾಟಬಾರದು. ಎರಡು ಗಾಲಿಕುರ್ಚಿ ಎದುರುಬದುರು ಬಂದರೂ ದಾಟಿ ಹೋಗಲಿ ಅಂತ ಆ ಅಗಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಬಸ್ಸು, ನಿಲ್ದಾಣ, ರಸ್ತೆ ಎಲ್ಲವೂ ಅವರು ಬಳಸುವಂತೆ ಇರಬೇಕು ಅನ್ನುತ್ತದೆ ಅದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗ ಎಂದಿತು. ನೀವು ಒಡೆಯಲು ಹೇಳುತ್ತಿರುವುದು ಇದನ್ನೇ!

ರಸ್ತೆ ಅಗಲ ಮಾಡಿದರೆ ಸುಮ್ನೆ ಇನ್ನಷ್ಟು ಗಾಡಿ ಬರುತ್ತವೆ. ಕಪಿಲೇಶ್ವರ ಸೇತುವೆಯಿಂದ ಹಳಿ ದಾಟುವುದು ಹಗುರಾಯಿತು, ನಿಜ. ಇಳಿದ ಕೂಡಲೇ ಅದೇ ಗಲ್ಲಿ, ಅದೇ ಗದ್ದಲ ಅಲ್ವಾ? ಒಂದು ಬಸ್ಸಿನಲ್ಲಿ ಕೂತ ಜನರೆಲ್ಲ ಒಬ್ಬೊಬ್ಬರಾಗಿ ಸ್ಕೂಟರ್ ಏರಿದರೆ ಎಷ್ಟು ದೂರ ಸಾಲು ನಿಲ್ಲುತ್ತದೆ, ಯೋಚಿಸಿ.

ನನಗೆ ಜಾಸ್ತಿ ಸಿಟ್ಟು ಬರುವುದು ಬೇರೆ ಕಡೆ. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆರಿಸಿದ ಮೊದಲ 20 ಊರುಗಳಲ್ಲೇ ಬೆಳಗಾವಿ ಇತ್ತು. ಕೆಲವು ರಸ್ತೆ ಚೆನ್ನಾಗಿಯೂ ಆದವು. ಆಮೇಲೆ ನೋಡಿಕೊಳ್ಳುವವರು ಯಾರು? ಹಾಕುವವರು ಒಬ್ಬರು, ಪೈಪಿಗೆ ಅಗೆಯುವವರು ಇನ್ನೊಬ್ಬರು, ಸರಿಯಾಗಿ ಮುಚ್ಚುವವರು ಯಾರೂ ಇಲ್ಲ. ರಸ್ತೆಯ ನಕ್ಷೆಗೆ ಸಹಿ ಹಾಕುವವರು ಕಾರಿನಿಂದ ಇಳಿದು ನಡೆಯುವುದೇ ಇಲ್ಲ. ಮಳೆಗಾಲದಲ್ಲಿ ತೆರೆದ ಗಟಾರದ ಪಕ್ಕ ಶಾಲೆ ಮಕ್ಕಳು ನಡೆಯುವುದು ಅವರಿಗೆ ಹೇಗೆ ಕಾಣಬೇಕು?

ಇನ್ನು ಪಾರ್ಕಿಂಗ್. ಪೇಟೆಯ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ದುಡ್ಡು ಕೊಡಬೇಕು. ಅದೂ ಆ ಜಾಗದ ಬೆಲೆಗೆ ತಕ್ಕಷ್ಟು. ಆ ದುಡ್ಡು ಸಿಟಿ ಬಸ್ಸಿಗೇ ಹೋಗಬೇಕು. ಈ ಬೇಡಿಕೆಯನ್ನು ನಮ್ಮ ಪತ್ರಿಕೆ ಖಂಡಿತ ಬೆಂಬಲಿಸುತ್ತದೆ.